ಬಳೆ ಅಡವಿಟ್ಟು ಎಐ ಷೇರು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ಕೋಲಾರದ ದಂಪತಿ. ಗಂಡ ದಿನಾ ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೂರು ವಾರದಿಂದ ಇಬ್ಬರಿಗೂ ಮಾತಿಲ್ಲ. ಹೆಂಡತಿಯ ನಾಲ್ಕು ಬಳೆ ಅಡವಿಟ್ಟು ಎಐ ಕಂಪನಿಗಳ ಷೇರು ಕೊಳ್ಳಬೇಕೆಂಬುದು ಗಂಡನ ಹಟ.

"ಇಂಟರ್ನೆಟ್ ಬಂದಾಗಿನ ಥರಾನೇ ಮೇಡಂ. ಈಗ ಬಿಟ್ಟರೆ ಮತ್ತೆ ಸಿಗಲ್ಲ."

ಇಂಟರ್ನೆಟ್ ಬಂದದ್ದೇನೋ ನಿಜ. ಆದರೆ 2000ದ ಮಾರ್ಚ್‌ನಲ್ಲಿ ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 5,000 ದಾಟಿತ್ತು. 2002ರ ಹೊತ್ತಿಗೆ ಮುಕ್ಕಾಲಿಗಿಂತ ಜಾಸ್ತಿ ಕರಗಿತ್ತು. ಮತ್ತೆ ಆ ಮಟ್ಟ ಮುಟ್ಟಿದ್ದು 2015ರಲ್ಲಿ. ಇದನ್ನು ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ.

ಆಗ ಹೆಂಡತಿ ಬಾಯಿಬಿಟ್ಟರು. "ನಮ್ಮಣ್ಣ ಮಾಡಿದ್ದೂ ಇದೇ ಅಲ್ವಾ ರೀ?"

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಅಣ್ಣ ಸಾಲ ಮಾಡಿ ಎರಡು ಎಕರೆಗೆ ಸಸಿ ನೆಟ್ಟರು. ಅಕ್ಕಪಕ್ಕದವರೂ ನೆಟ್ಟರು. ಹಣ್ಣು ಬರೋ ಹೊತ್ತಿಗೆ ಕೀಳುವ ಕೂಲಿಯೂ ಹುಟ್ಟಲಿಲ್ಲ.

"ಸಾರಿಗೆ ಟೊಮೇಟೊ ಬೇಡ ಅಂತ ಯಾರೂ ಅನ್ನಲಿಲ್ಲ ಮೇಡಂ. ತೋಟಕ್ಕೆ ಹಾಕಿದ ದುಡ್ಡು ಮಾತ್ರ ಬರಲಿಲ್ಲ."

ನನ್ನ ನಾಸ್ಡಾಕ್‌ಗಿಂತ ಇದು ಚೆನ್ನಾಗಿ ನಾಟಿತು. ನಾನು ಸುಮ್ನಿದ್ದೆ.

ಗಂಡ ರೈಲ್ವೆ ಪಾಸನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ನಮ್ಮ ಟೀಮಲ್ಲಿ ಇಬ್ಬರನ್ನ ತೆಗೆದಿದ್ದಾರೆ. ಟೆಸ್ಟಿಂಗ್ ಇನ್ನು ಎಐ ಮಾಡುತ್ತಂತೆ. ಕೆಲಸ ಕಿತ್ಕೊಳ್ಳೋದರಲ್ಲೇ ಪಾಲು ತಗೊಳ್ಳೋಣ ಅಂತ..." ಅಂದರು. ಹೆಂಡತಿಗೆ ಇದು ಗೊತ್ತೇ ಇರಲಿಲ್ಲ.

ಎಐ ಷೇರು ಏರುತ್ತೋ ಬೀಳುತ್ತೋ ಹೇಳುವುದು ನನ್ನ ಕೆಲಸವಲ್ಲ. (ನನಗೆ ಅನುಮಾನವೇ ಜಾಸ್ತಿ. ಎಐ ನಡೆಸುವ ಡೇಟಾ ಸೆಂಟರುಗಳಿಗೆ ಸುರಿಯುವ ದುಡ್ಡು ಕೊನೆಗೆ ಗಿರಾಕಿಗಳ ಜೇಬಿಂದಲೇ ಬರಬೇಕಲ್ಲ?) ನಾನು ಹೇಳಿದ್ದು ಇಷ್ಟು: ಸಂಬಳದ ಮೇಲೇ ನಂಬಿಕೆ ಇಲ್ಲದಾಗ ಸಾಲ ಮಾಡಿ ಷೇರು ಕೊಳ್ಳಬೇಡಿ. ಷೇರು ಏರಲಿ ಅಂತ ಬಡ್ಡಿ ಕಾಯುವುದಿಲ್ಲ. ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಆಮೇಲೂ ಆಸೆಯಿದ್ದರೆ, ಹೋದರೆ ಹೋಗಲಿ ಅನ್ನುವಷ್ಟು ಮಾತ್ರ ಹಾಕಿ, ಇಬ್ಬರಿಗೂ ಗೊತ್ತಿದ್ದು ಹಾಕಿ. ಆಫೀಸಿನ ಸುದ್ದಿ ಮನೆಯಲ್ಲಿ ಹೇಳಿ, ಕೆಟ್ಟದ್ದನ್ನೂ. ಹೆಂಡತಿಗೆ ಹೇಳಿದ್ದು ಒಂದೇ: ಅಣ್ಣನ ಕಥೆ ಒಂದು ಸಲ ಸಾಕು, ದಿನಾ ಚುಚ್ಚಬೇಡಿ.

ತಿಂಗಳು ಬಿಟ್ಟು ಬಂದಾಗ ಬಳೆ ಆಕೆಯ ಕೈಯಲ್ಲೇ ಇದ್ದವು. ಗಂಡ ತಿಂಗಳಿಗೆ 1,000 ರೂಪಾಯಿ ಮ್ಯೂಚುವಲ್ ಫಂಡಿಗೆ ಹಾಕುತ್ತಿದ್ದಾರಂತೆ.

"ಹೋದರೆ ಅರ್ಧ ಬಾಕ್ಸ್ ಟೊಮೇಟೊ ಮೇಡಂ," ಆಕೆ ನಕ್ಕರು, "ಅದೂ ಆವತ್ತಿನ ರೇಟಲ್ಲಿ."