ಎರಡನೇ ಮಹಡಿಯಲ್ಲಿ ನಾಲ್ಕಡಿ ಅಕ್ವೇರಿಯಂ ಇಡಬಹುದೇ?

ನಿಮ್ಮದು ಸರಿಯಾಗಿ ಕಟ್ಟಿದ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಮನೆಯಾದರೆ ಸಾಮಾನ್ಯವಾಗಿ ಇಡಬಹುದು. ಆದರೆ ಎಲ್ಲಿ ಇಡುತ್ತೀರಿ ಅನ್ನೋದೇ ಮುಖ್ಯ.

ಮೊದಲು ತೂಕ ನೋಡೋಣ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ, ಅಂದರೆ 340 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ 500 ಕೆಜಿ ಹತ್ತಿರ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಹೊರೆಗೆ ವಿನ್ಯಾಸ ಮಾಡುತ್ತಾರೆ. ತೊಟ್ಟಿಯ ಕೆಳಗೆ ಬೀಳುವುದು ಅದರ ನಾಲ್ಕು ಪಟ್ಟಿಗಿಂತಲೂ ಹೆಚ್ಚು! ಗಾಬರಿ ಬೇಡ, ಸ್ಲ್ಯಾಬ್ ಆ ಭಾರವನ್ನು ಸುತ್ತಲಿಗೂ ಹಂಚುತ್ತದೆ. 10×12 ಅಡಿ ಕೋಣೆಯ ಒಟ್ಟು ಲೆಕ್ಕವೇ 2,200 ಕೆಜಿ ದಾಟುತ್ತದೆ.

ಹಾಗಾಗಿ ಕೆಳಗೆ ತೊಲೆ ಅಥವಾ ಭಾರ ಹೊರುವ ಗೋಡೆ ಇರುವ ಕಡೆ, ಗೋಡೆಗೆ ಒತ್ತಿ ಇಡಿ. ಕೋಣೆಯ ನಡುವೆ ಬೇಡ, ಸ್ಲ್ಯಾಬ್ ಅಲ್ಲೇ ಹೆಚ್ಚು ಬಾಗುವುದು. ಹೊರಚಾಚಿದ ಬಾಲ್ಕನಿಯಲ್ಲಂತೂ ದಯವಿಟ್ಟು ಇಡಲೇಬೇಡಿ. ಸಣ್ಣ ಕಾಲುಗಳ ಕಬ್ಬಿಣದ ಸ್ಟ್ಯಾಂಡ್ ಆದರೆ ಅದರ ಕೆಳಗೆ ದಪ್ಪ ಪ್ಲೈವುಡ್ ಹಾಕಿ, ಇಲ್ಲದಿದ್ದರೆ ಟೈಲ್ಸ್ ಬಿರುಕು ಬಿಡಬಹುದು.

ಹಳೇ ಮದ್ರಾಸ್ ತಾರಸಿ (ಮರದ ಜಂತಿಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಮರದ ಅಟ್ಟದ ಮನೆಯಾದರೆ ಈ ಲೆಕ್ಕ ಅನ್ವಯಿಸದು. ಗೆದ್ದಲು ತಿಂದ ಜಂತಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಅಂಥಲ್ಲಿ, ಹಾಗೆಯೇ ತೊಟ್ಟಿ ಆರಡಿ ದಾಟಿದರೆ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿಯೇ ಮುಂದುವರಿಯಿರಿ.