‘ಜಸ್ಟ್ ಮಿಸ್’ ಎಂದ ಯುವಕ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯುವುದಕ್ಕೆ ಸಂಬಂಧಪಟ್ಟವರಿಂದ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಊರು, ಉದ್ಯೋಗ, ಘಟನೆ ನಡೆದ ಸ್ಥಳ ಮತ್ತು ದಿನವನ್ನು ಗುರುತು ಸಿಗದಂತೆ ಬದಲಾಯಿಸಿದ್ದೇನೆ. ತಂದೆಯ ಉದ್ಯೋಗವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿದ್ದೇನೆ, ಏಕೆಂದರೆ ಅದನ್ನು ಬಿಟ್ಟರೆ ತನ್ನ ಕಥೆಯೇ ಇರುವುದಿಲ್ಲ ಎಂದು ಅವರೇ ಹೇಳಿದರು. ಇಲ್ಲಿ ಅವರನ್ನು ಸುಹಾಸ್ ಎಂದು ಕರೆಯುತ್ತೇನೆ.

ಸುಹಾಸ್‌ಗೆ 26 ವರ್ಷ. ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕೆಲಸ. ನನಗೆ ಮೊದಲು ಫೋನ್ ಮಾಡಿದವರು ಅವರಲ್ಲ, ಅವರ ಅಕ್ಕ. “ಹೇಗಾದ್ರೂ ಮಾಡಿ ಆ ಬೈಕ್ ಮಾರಿಸಿಬಿಡಿ ಮೇಡಂ” ಎಂಬುದು ಆಕೆಯ ಬೇಡಿಕೆಯಾಗಿತ್ತು. ತಮ್ಮ ರಾತ್ರಿ ಮೂರು ಗಂಟೆಗೆ ಎದ್ದು ಹಾಲ್‌ನಲ್ಲಿ ದೀಪ ಹಾಕಿಕೊಂಡು ಕೂರುತ್ತಾನೆ, ಊಟ ಸೇರುತ್ತಿಲ್ಲ, ಕೇಳಿದರೆ ಸಿಡುಕುತ್ತಾನೆ ಎಂದು ಆಕೆ ವಿವರಿಸಿದರು. ಮೊದಲ ಭೇಟಿಯಲ್ಲಿ ಸುಹಾಸ್ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಮುಕ್ಕಾಲು ಗಂಟೆ ಕುಳಿತಿದ್ದರು. ಮೇಜಿನ ಮೇಲೆ ಇಡಬಹುದೆಂದು ಹೇಳಿದರೂ ಇಡಲಿಲ್ಲ.

ಘಟನೆ ಹೀಗಿದೆ. ಚಳಿಗಾಲದ ಒಂದು ಭಾನುವಾರ, ಬೆಳಕು ಹರಿಯುವ ಮುನ್ನ, ಆರು ಬೈಕುಗಳ ಗುಂಪು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಹೊರಟಿತ್ತು. ಸುಹಾಸ್ ಎಲ್ಲರಿಗಿಂತ ಮುಂದಿದ್ದರು; ವೇಗ ಗಂಟೆಗೆ 130 ಕಿಲೋಮೀಟರ್ ಆಸುಪಾಸು. ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಮಿತಿ 80 ಕಿಲೋಮೀಟರ್ ಎಂಬುದು ಅವರಿಗೆ ಗೊತ್ತಿತ್ತು. ಮುಂದೆ ಬ್ಯಾರಿಕೇಡುಗಳು, ಹೊಳೆಯುವ ಜಾಕೆಟ್ ತೊಟ್ಟ ಇಬ್ಬರು ಪೊಲೀಸರು, ಅಂಚಿನಲ್ಲಿ ನಿಂತ ಗಸ್ತು ವಾಹನ ಕಂಡಿತು. ಅವರ ಬೈಕಿನ ಹಿಂದಿನ ನಂಬರ್ ಪ್ಲೇಟ್ ಮೇಲಕ್ಕೆ ಮಡಚಿತ್ತು, ಹೆಸರಿನಲ್ಲಿ 11 ದಂಡಗಳು ಬಾಕಿ ಇದ್ದವು. ಒಬ್ಬ ಪೊಲೀಸರು ದೀಪದ ಬೆತ್ತವನ್ನೆತ್ತಿ ನಿಲ್ಲುವಂತೆ ಸೂಚಿಸಿದರು. ಸುಹಾಸ್ ಆಕ್ಸಿಲರೇಟರ್ ಬಿಡುವ ಬದಲು ತಿರುವಿದರು. ಬ್ಯಾರಿಕೇಡಿಗೂ ರಸ್ತೆಯ ಅಂಚಿಗೂ ನಡುವೆ ಇದ್ದ ಸಂದಿಯಲ್ಲಿ ಬೈಕು ನುಗ್ಗಿತು. ಆ ಪೊಲೀಸರು ಹಿಂದಕ್ಕೆ ಬಾಗಿದರು, ಅವರ ತೋಳು ಬೈಕಿನ ಕನ್ನಡಿಗೆ ಸವರಿತು. ಯಾರೂ ಬೀಳಲಿಲ್ಲ.

ಬಾಗೇಪಲ್ಲಿಯ ಹೋಟೆಲೊಂದರಲ್ಲಿ ಇಡ್ಲಿ ತಿನ್ನುತ್ತಾ ಗೆಳೆಯರು ನಕ್ಕರು. “ಮಗಾ, ಜಸ್ಟ್ ಮಿಸ್!” ಎಂದು ಬೆನ್ನು ತಟ್ಟಿದರು. ಸುಹಾಸ್ ಕೂಡ ನಕ್ಕರು. ಅಂದು ರಾತ್ರಿಯಿಂದ ನಿದ್ದೆ ಹೋಯಿತು. ಸಿಗ್ನಲ್ಲಿನಲ್ಲಿ ಹೊಳೆಯುವ ಜಾಕೆಟ್ ಕಂಡರೆ ಅಂಗೈ ತಣ್ಣಗಾಗುತ್ತಿತ್ತು. ಕಾರ್ಖಾನೆಯಲ್ಲೂ ಸುರಕ್ಷತೆಗಾಗಿ ಅಂಥದೇ ಜಾಕೆಟ್ ತೊಡುವವರಿದ್ದುದರಿಂದ ಕೆಲಸದ ಹೊತ್ತಿನಲ್ಲೂ ಬಿಡುವಿರಲಿಲ್ಲ. ಆದರೂ ಮುಂದಿನ ಎರಡು ಭಾನುವಾರ ಅವರು ಗುಂಪಿನ ಜೊತೆ ಹೋದರು, ಮೊದಲಿಗಿಂತ ಜೋರಾಗಿಯೇ ಓಡಿಸಿದರು.

ಈ ಕೊನೆಯ ವಿವರ ಅಕ್ಕನಿಗೆ ಒಗಟಾಗಿತ್ತು, ನನಗೆ ಆಗಲಿಲ್ಲ. ಕೂದಲೆಳೆಯ ಅಂತರದಲ್ಲಿ ಪಾರಾದವರು ಅದನ್ನು ಎರಡು ರೀತಿಯಲ್ಲಿ ಓದಿಕೊಳ್ಳಬಹುದು: ‘ಸಾಯುತ್ತಿದ್ದೆ’ ಎಂದು, ಇಲ್ಲವೇ ‘ಸಾಯಲಿಲ್ಲ’ ಎಂದು. ಎರಡನೆಯ ಓದಿನಲ್ಲಿ ಅದೃಷ್ಟವು ಕೌಶಲ್ಯದ ಲೆಕ್ಕಕ್ಕೆ ಸೇರುತ್ತದೆ, ಮುಂದಿನ ಸಲದ ಧೈರ್ಯ ಹೆಚ್ಚುತ್ತದೆ. ಗೆಳೆಯರ ನಗು ಈ ಎರಡನೆಯ ಓದನ್ನು ಕೊಟ್ಟಿತ್ತು, ಮೈ ಮಾತ್ರ ಮೊದಲನೆಯದನ್ನು ಹಿಡಿದುಕೊಂಡಿತ್ತು. ರಾತ್ರಿ ಮೂರು ಗಂಟೆಗೆ ಎಬ್ಬಿಸುತ್ತಿದ್ದುದು ಈ ಎಳೆದಾಟ.

ಮೊದಲ ಭೇಟಿಯಲ್ಲಿ ಎರಡು ವಿಷಯ ಸ್ಪಷ್ಟಪಡಿಸಿದೆ. ಇಲ್ಲಿ ಹೇಳಿದ್ದು ನಮ್ಮೊಳಗೇ ಇರುತ್ತದೆ. ಆದರೆ ಅವರಿಂದ ಅವರಿಗೋ ಬೇರೆಯವರಿಗೋ ಪ್ರಾಣಾಪಾಯವಿದೆ ಎಂದು ನನಗೆ ಅನಿಸಿದರೆ ಆ ಗೋಪ್ಯತೆಗೆ ಮಿತಿಯಿದೆ. ಇನ್ನೊಂದು, ಇಂಥ ಲಕ್ಷಣಗಳು ಆಘಾತದ ಬಳಿಕ ಸಹಜವಾಗಿ ಬರುತ್ತವೆ, ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತವೆ. ಒಂದು ತಿಂಗಳು ಮೀರಿಯೂ ಉಳಿದರೆ ಮನೋವೈದ್ಯರನ್ನು ಕಾಣಲೇಬೇಕು. ನಡುರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬೈಕ್ ಮಾರಿಸುವ ಬೇಡಿಕೆಯನ್ನು ನಾನು ಒಪ್ಪಲಿಲ್ಲ. ಒತ್ತಾಯಕ್ಕೆ ಮಾರಿದವರು ಗೆಳೆಯರ ಬೈಕು ಪಡೆದು ಓಡಿಸುವುದನ್ನು, ಮನೆಯಲ್ಲಿ ಸುಳ್ಳು ಹೇಳುವುದನ್ನು ನಾನು ಕಂಡಿದ್ದೇನೆ. ಬೈಕು ಇರುವಾಗಲೇ ಅದರ ಮೇಲೆ ಕೂತ ಮನುಷ್ಯನೊಡನೆ ಮಾತನಾಡುವುದು ಹೆಚ್ಚು ಉಪಯುಕ್ತ. ಇದನ್ನು ಅಕ್ಕನಿಗೆ ಅರ್ಥಮಾಡಿಸಲು ಪ್ರತ್ಯೇಕವಾಗಿ ಒಂದು ಗಂಟೆ ಬೇಕಾಯಿತು, ಮತ್ತು ಆಕೆಯ ಭಯ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ.

ಮೂರನೆಯ ಭೇಟಿಯಲ್ಲಿ ನಾನೇ ತಪ್ಪು ಮಾಡಿದೆ. ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆ: 130ರ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 36 ಮೀಟರ್ ಸಾಗುತ್ತದೆ, ಕಣ್ಣು ಕಂಡು ಕೈ ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 54 ಮೀಟರ್ ಹೋಗಿರುತ್ತದೆ, ಒಣರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ 90 ಮೀಟರ್ ಬೇಕು. ಅದೇ 80ರಲ್ಲಾದರೆ ಎಲ್ಲ ಸೇರಿ 70 ಮೀಟರಿನೊಳಗೆ ನಿಲ್ಲಬಹುದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಸುಹಾಸ್ ತಲೆಯಾಡಿಸಿದರು, ಮುಂದಿನ ವಾರ ಬರಲಿಲ್ಲ. ಕುಡಿತದ ಸಮಸ್ಯೆಯಿರುವವರೊಡನೆ ಕೆಲಸ ಮಾಡುತ್ತ 1983ರಲ್ಲಿ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ವಿವರಿಸಿ, ಬಳಿಕ ಸ್ಟೀಫನ್ ರಾಲ್‌ನಿಕ್ ಜೊತೆ ಬೆಳೆಸಿದ, ಬದಲಾವಣೆಯ ಕಾರಣಗಳನ್ನು ಎದುರಿಗಿರುವವರ ಬಾಯಿಂದಲೇ ಹೊರಡಿಸುವ ಪ್ರೇರಣಾತ್ಮಕ ಸಂದರ್ಶನದ ವಿಧಾನದಲ್ಲಿ ಸಲಹೆಗಾರರ ಇಂಥ ಸರಿಪಡಿಸುವ ತವಕದ ಬಗ್ಗೆಯೇ ಎಚ್ಚರಿಕೆಯಿದೆ. ನಾವು ಬದಲಾವಣೆಯ ಪರವಾಗಿ ವಾದಿಸಿದಷ್ಟೂ ಎದುರಿಗಿರುವವರು ಹಳೆಯದರ ಪರ ನಿಲ್ಲುತ್ತಾರೆ. ಇದನ್ನು ಇತರರಿಗೆ ಕಲಿಸಿರುವ ನಾನು ಭಯದಿಂದ ಅವಸರಪಟ್ಟೆ. ಫೋನ್ ಮಾಡಿ ಕ್ಷಮೆ ಕೇಳಿದ ಮೇಲೆ ಅವರು ಮರಳಿ ಬಂದರು.

ಬಂದವರೇ ಪೊಲೀಸರ ಮೇಲೆ ಸಿಟ್ಟಿನಿಂದ ಮಾತನಾಡಿದರು. ಓಡುವ ಬೈಕಿಗೆ ಎದುರು ಬಂದು ನಿಲ್ಲುವುದು, ಕೀಲಿಗೆ ಕೈ ಹಾಕುವುದು ಸರಿಯೇ ಎಂದು ಕೇಳಿದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ವಾಹನ ತಪಾಸಣೆಯ ವೇಳೆ ಬೈಕಿನಿಂದ ಬಿದ್ದು ಪುಟ್ಟ ಮಗುವೊಂದು ಸತ್ತದ್ದನ್ನು ನೆನಪಿಸಿದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಅದನ್ನು ನಾನು ಮುಚ್ಚುಮರೆಯಿಲ್ಲದೆ ಒಪ್ಪಿದೆ. ಆ ಸಾವಿನ ನಂತರ ರಾಜ್ಯದ ಪೊಲೀಸ್ ಮುಖ್ಯಸ್ಥರು ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ವಾಹನಗಳನ್ನು ಏಕಾಏಕಿ ತಡೆಯಬಾರದು, ಕೀಲಿ ಕಿತ್ತುಕೊಳ್ಳಬಾರದು, ಅತಿವೇಗದವರನ್ನು ಬೆನ್ನಟ್ಟದೆ ಸಂಖ್ಯೆ ಗುರುತಿಸಿ ನಿಯಂತ್ರಣ ಕೊಠಡಿಗೆ ತಿಳಿಸಬೇಕು ಎಂಬ ಸೂಚನೆಗಳನ್ನು ನೀಡಿದ್ದಾರೆ. ನಾನು ಒಪ್ಪಿದ್ದು ಸುಹಾಸ್‌ಗೆ ಅನಿರೀಕ್ಷಿತವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವಾಗಿಯೇ ಹೇಳಿದರು: “ಅವತ್ತು ಅವರು ಎದುರಿಗೆ ಬಂದಿರಲಿಲ್ಲ ಮೇಡಂ. ಸೈಡಲ್ಲೇ ನಿಂತಿದ್ರು. ಆ ಸೈಡಿಗೆ ಹೋಗಿದ್ದು ನಾನು.”

ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಅಲ್ಲಿಯವರೆಗೆ ಅವರ ಕಥೆಯಲ್ಲಿ ಇದ್ದದ್ದು ಒಬ್ಬರೇ. ಪಾರಾದವರೂ ಅವರೇ, ಕಳೆದುಕೊಳ್ಳಬಹುದಾಗಿದ್ದವರೂ ಅವರೇ. ಆ ಬೆಳಿಗ್ಗೆ ಪಾರಾದವರು ಇನ್ನೊಬ್ಬರಿದ್ದರು. ಘಟನೆಯನ್ನು ಆ ಪೊಲೀಸರು ನಿಂತಿದ್ದ ಜಾಗದಿಂದ ಬರೆದು ತರುವಿರಾ ಎಂದು ಕೇಳಿದೆ. ಕಷ್ಟವಾದರೆ ಬೇಡ ಎಂದೂ ಹೇಳಿದೆ. ಒಂದೂವರೆ ಪುಟ ಬರೆದು ತಂದರು. ಅದರಲ್ಲಿ ಚಳಿ, ರಾತ್ರಿಪಾಳಿಯ ಕೊನೆಯ ಗಂಟೆ, ದೂರದಲ್ಲಿ ಒಂದೇ ಒಂದು ದೀಪ, ಅದು ನಿಧಾನಿಸುತ್ತದೆ ಎಂಬ ನಂಬಿಕೆ ಇದ್ದವು. ಪೊಲೀಸರ ಮುಖವನ್ನು ಅವರು ನೋಡಿದ್ದರು, ನೋಡಿಲ್ಲವೆಂದು ನನಗೆ ಎರಡು ಸಲ ಹೇಳಿದ್ದರು. ವಯಸ್ಸು ಐವತ್ತು ದಾಟಿದೆ, ಮೀಸೆ ನರೆತಿದೆ ಎಂದು ಬರೆದಿದ್ದರು.

ಸುಹಾಸ್‌ರ ತಂದೆ ಸಾರಿಗೆ ನಿಗಮದ ಬಸ್ ಚಾಲಕರಾಗಿ ನಿವೃತ್ತರಾದವರು. ಅಪಘಾತವಿಲ್ಲದ ಚಾಲನೆಗೆ ನಿಗಮ ಕೊಟ್ಟ ಬೆಳ್ಳಿ ಪದಕ ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ರಾತ್ರಿ ಅವರು ದೀಪ ಹಾಕಿಕೊಂಡು ಕೂರುತ್ತಿದ್ದ ಹಾಲ್‌ನಲ್ಲೇ ಅದಿದೆ. ತಂದೆಗೆ ವಿಷಯ ಗೊತ್ತಿರಲಿಲ್ಲ. ಹೇಳಬೇಕೇ ಎಂದು ನನ್ನನ್ನು ಕೇಳಿದರು. ಅದನ್ನು ನಾನು ತೀರ್ಮಾನಿಸಲಿಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಇನ್ನೆಷ್ಟು ದಿನ ಆ ಗೋಡೆಯ ಎದುರು ಕೂರಬೇಕಾಗುತ್ತದೆ ಎಂದಷ್ಟೇ ಕೇಳಿದೆ. ಎರಡು ವಾರಗಳ ಬಳಿಕ ಹೇಳಿದರು. ತಂದೆ ಬೈಯಲಿಲ್ಲವಂತೆ, ಆ ಪೊಲೀಸರ ಹೆಸರೇನು ಎಂದು ಕೇಳಿದರಂತೆ, ಮಗನಿಗೆ ಗೊತ್ತಿರಲಿಲ್ಲ.

ಆ ನಂತರದ ಸಲಹೆಗಳು ಬಹುಮಟ್ಟಿಗೆ ಅವರಿಂದಲೇ ಬಂದವು, ನಾನು ಆಕಾರ ಕೊಟ್ಟೆ. ಮಡಚಿದ್ದ ನಂಬರ್ ಪ್ಲೇಟನ್ನು ಅದೇ ಸಂಜೆ ನೇರಮಾಡಿಸಿದರು. ಬಾಕಿ ದಂಡ ಕಟ್ಟದೆ ಉಳಿದಿದ್ದಕ್ಕೆ ಒಂದು ಕಾರಣವಿತ್ತು: 2023ರ ಫೆಬ್ರುವರಿಯಲ್ಲಿ ಸರ್ಕಾರ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಹಳೆಯದನ್ನೆಲ್ಲ ತೀರಿಸಿದ್ದರು, 2025ರ ರಿಯಾಯಿತಿ ಕೈತಪ್ಪಿತ್ತು, ಮತ್ತೊಂದು ಬರಬಹುದೆಂದು ಕಾಯುತ್ತಿದ್ದರು. ಅತಿವೇಗಕ್ಕೆ ದ್ವಿಚಕ್ರ ವಾಹನಕ್ಕಿರುವ ದಂಡ ಒಂದು ಸಾವಿರ ರೂಪಾಯಿ. ಆ ಬಾಕಿಯ ಭಯವೇ ಬ್ಯಾರಿಕೇಡಿನ ಎದುರು ಕೈಯನ್ನು ತಪ್ಪು ದಿಕ್ಕಿಗೆ ತಿರುಗಿಸಿತ್ತು. ಆದ್ದರಿಂದ ಬಾಕಿ ಉಳಿಸಿಕೊಳ್ಳದಿರುವುದನ್ನು ಹಣದ ವಿಷಯವೆಂದಲ್ಲ, ಸುರಕ್ಷತೆಯ ವಿಷಯವೆಂದೇ ಪರಿಗಣಿಸಲು ಹೇಳಿದೆ. ಎರಡು ಸಂಬಳಗಳಲ್ಲಿ ಎಲ್ಲವನ್ನೂ ಕಟ್ಟಿದರು.

ಕಾನೂನಿನ ಭಾಗದಲ್ಲಿ ನಾನು ವಕೀಲಳಲ್ಲ ಎಂಬುದನ್ನು ಮೊದಲೇ ಹೇಳಿದ್ದೆ. ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಡಿ ನಿರ್ಲಕ್ಷ್ಯದ ಚಾಲನೆಗೆ ಆರು ತಿಂಗಳವರೆಗೆ ಸೆರೆವಾಸವಿದೆ. ರಾಜ್ಯದಲ್ಲಿ 130 ಕಿಲೋಮೀಟರ್ ಮೀರಿ ಓಡಿಸುವವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ 2024ರ ಆಗಸ್ಟ್‌ನಿಂದ ಪೊಲೀಸರು ಪ್ರಕಟಿಸಿದ್ದರು. ಠಾಣೆಗೆ ಹೋಗಿ ಎಂದಾಗಲೀ ಹೋಗಬೇಡಿ ಎಂದಾಗಲೀ ನಾನು ಹೇಳುವಂತಿರಲಿಲ್ಲ. ಮೊದಲು ವಕೀಲರನ್ನು ಕಂಡು, ಪರಿಣಾಮಗಳನ್ನು ತಿಳಿದು, ಆಮೇಲೆ ತೀರ್ಮಾನಿಸಿ ಎಂದೆ. ಅವರು ವಕೀಲರೊಡನೆ ಹೋದರು. ವಿಷಯ ಈಗ ನ್ಯಾಯಾಲಯದಲ್ಲಿರುವುದರಿಂದ ಹೆಚ್ಚು ಬರೆಯುವುದಿಲ್ಲ.

ಗುಂಪಿನ ಬಗ್ಗೆ ಹೆಚ್ಚು ಮಾತನಾಡಬೇಕಾಯಿತು. ಗೆಳೆಯರನ್ನು ಬಿಡಿ ಎಂದು ನಾನು ಹೇಳಲಿಲ್ಲ. 26ರ ವಯಸ್ಸಿನಲ್ಲಿ ಗೆಳೆಯರಿಲ್ಲದ ಭಾನುವಾರ ವೇಗಕ್ಕಿಂತ ಕಡಿಮೆ ಅಪಾಯಕಾರಿಯಲ್ಲ. ಬದಲಿಗೆ ಮುಂದಿನ ಸ್ಥಾನ ಬಿಟ್ಟು ಕೊನೆಯಲ್ಲಿ ಬರುವುದು, ಬೆಳಕು ಹರಿದ ಮೇಲೆ ಹೊರಡುವುದು, ಸ್ಪೀಡೋಮೀಟರಿನ ಚಿತ್ರಗಳನ್ನು ವಾಟ್ಸ್‌ಆಪ್ ಗುಂಪಿಗೆ ಹಾಕದಿರುವುದು ಎಂದು ನಾಲ್ಕು ವಾರಗಳ ಮಟ್ಟಿಗೆ ಒಪ್ಪಿಕೊಂಡೆವು. ಹಿಂದಿನಿಂದ ನೋಡಿದಾಗ ಅವರಿಗೆ ಹೊಸದೊಂದು ಕಂಡಿತು. ದೂರದಲ್ಲಿ ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ವಾಹನ ಕಂಡೊಡನೆ ಮುಂದಿನವನು ಗಕ್ಕನೆ ಬ್ರೇಕ್ ಹಾಕುತ್ತಾನೆ, ಹಿಂದಿನವರು ಒಬ್ಬರ ಮೇಲೊಬ್ಬರು ಬೀಳುವಷ್ಟು ಹತ್ತಿರ ಬರುತ್ತಾರೆ. ಲೇಸರ್ ಸ್ಪೀಡ್ ಗನ್ ನೂರಾರು ಮೀಟರ್ ದೂರದಿಂದಲೇ ಅಳೆದಿರುವುದರಿಂದ ಆ ಬ್ರೇಕಿನಿಂದ ಕೇಸೂ ತಪ್ಪುವುದಿಲ್ಲ. ವೇಗದ ಸುಖವನ್ನೇ ಬಯಸುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿ ರೇಸ್ ಟ್ರ್ಯಾಕ್ ಇರುವುದನ್ನೂ ಹೇಳಿದೆ. ಅವರು ಅದರಲ್ಲಿ ಆಸಕ್ತಿ ತೋರಲಿಲ್ಲ.

ಮೈಗೆ ಬೇರೆ ಅಭ್ಯಾಸ ಕಲಿಸುವುದು ಬಾಕಿ ಇತ್ತು. ಕುರ್ಚಿಯ ಮೇಲೆ ಬೈಕಿನಲ್ಲಿ ಕೂತಂತೆ ಕೂತು, ಪೊಲೀಸರು ಕಂಡಾಗ ಕೈ ಏನು ಮಾಡಬೇಕೆಂದು ಬಾಯಲ್ಲಿ ಹೇಳುತ್ತ ಅಭ್ಯಾಸ ಮಾಡಿದೆವು: ಕನ್ನಡಿ ನೋಡುವುದು, ಆಕ್ಸಿಲರೇಟರ್ ನಿಧಾನವಾಗಿ ಬಿಡುವುದು, ಎಡಕ್ಕೆ ಇಂಡಿಕೇಟರ್ ಹಾಕುವುದು, ರಸ್ತೆಯಂಚಿನಲ್ಲಿ ನಿಂತು ಎಂಜಿನ್ ಆರಿಸುವುದು, ಹೆಲ್ಮೆಟ್ಟಿನ ಗಾಜು ಎತ್ತುವುದು. ಮಕ್ಕಳಾಟದಂತೆ ಕಂಡರೂ ಗಾಬರಿಯ ಕ್ಷಣದಲ್ಲಿ ಕೈ ನೆನಪಿಟ್ಟುಕೊಳ್ಳುವುದು ಇಂಥ ಅನುಕ್ರಮವನ್ನೇ. ಬಳಿಕ ಖಾಲಿ ಮೈದಾನದಲ್ಲಿ ಅಕ್ಕ ಹೊಳೆಯುವ ಜಾಕೆಟ್ ತೊಟ್ಟು ದೂರದ ಒಂದು ಬದಿಯಲ್ಲಿ ನಿಂತು ಕೈಯೆತ್ತಿದರು, ಸುಹಾಸ್ ಇಪ್ಪತ್ತರ ವೇಗದಲ್ಲಿ ಬಂದು ಆಕೆಗಿಂತ ಬಹಳ ಮುಂಚೆಯೇ ನಿಲ್ಲಿಸಿದರು. ಮೊದಲ ದಿನ ಮೂರು ಸಲ ಮಾಡಿ, ಬೆವತು, ಸಾಕೆಂದರು. ಎರಡನೆಯ ದಿನ ಹತ್ತು ಸಲ ಮಾಡಿದರು.

ಆರನೆಯ ವಾರದ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ತಿಂಗಳು ಮೀರಿಯೂ ಬೆಚ್ಚುವಿಕೆ ಉಳಿದಿದ್ದರಿಂದ ಮನೋವೈದ್ಯರ ಬಳಿ ಕಳುಹಿಸಿದ್ದೆ. ಔಷಧಿ ಸದ್ಯ ಬೇಡ, ಸಲಹೆ ಮುಂದುವರಿಯಲಿ ಎಂದರು. ಕಳೆದ ಭೇಟಿಯಲ್ಲಿ ಸುಹಾಸ್ ಒಂದು ಸಂಗತಿ ಹೇಳಿದರು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಪೊಲೀಸರೊಬ್ಬರು ಕೈಯೆತ್ತಿದಾಗ ಕನ್ನಡಿ ನೋಡಿ, ನಿಧಾನಿಸಿ, ಎಡಕ್ಕೆ ನಿಲ್ಲಿಸಿದರಂತೆ. ದಾಖಲೆ ನೋಡಿ “ಹೋಗಪ್ಪಾ” ಎಂದು ಕಳುಹಿಸಿದರಂತೆ, ಒಟ್ಟು ಒಂದು ನಿಮಿಷ. ಅಲ್ಲಿಂದ ಸ್ವಲ್ಪ ಮುಂದೆ ಹೋಗಿ ಬೈಕು ನಿಲ್ಲಿಸಿ, ಕಾಲು ನಡುಗುತ್ತಿದ್ದುದರಿಂದ ಹತ್ತು ನಿಮಿಷ ಮೈಲಿಗಲ್ಲಿನ ಮೇಲೆ ಕೂತಿದ್ದಾಗಿ ಹೇಳಿದರು. ಹೆಲ್ಮೆಟ್ಟು ಆ ದಿನ ಮೇಜಿನ ಮೇಲಿತ್ತು. ಮುಂದಿನ ಭೇಟಿಯನ್ನು ಮೂರು ವಾರಗಳ ಬಳಿಕಕ್ಕೆ ಇಟ್ಟುಕೊಂಡಿದ್ದೇವೆ, ತಂದೆಯೂ ಬರುತ್ತೇನೆಂದಿದ್ದಾರೆ.