ಗುರುವಿನ ಪಕ್ಕದ ಚುಕ್ಕೆಗಳು

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕತೆಯಿದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

"ಮೇಡಂ, ನನಗಿದ್ದ ಬಾಹ್ಯಾಕಾಶದ ಹುಚ್ಚು ಹೊರಟೇಹೋಯ್ತು." ಇದು ಅವರ ಮೊದಲ ಮಾತು. ವಯಸ್ಸು 42, ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಪಿಯುಸಿ ಓದುವ ಮಗಳು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಂ ನೌಕೆ ಚಂದ್ರನ ಮೇಲೆ ಇಳಿದಾಗ ಫೋನ್ ಹಿಡಿದುಕೊಂಡೇ ಅತ್ತಿದ್ದರಂತೆ. ಮರುವರ್ಷ ದೂರಶಿಕ್ಷಣದಲ್ಲಿ ಬಿ.ಎಸ್ಸಿ.ಗೆ ಸೇರಿದರು. ಆರು ತಿಂಗಳಲ್ಲಿ ಪುಸ್ತಕ ತೆರೆದರೆ ಸಾಕು, ಆಕಳಿಕೆ. ರಾಕೆಟ್ ವಿಡಿಯೋಗಳನ್ನು ಮಾತ್ರ ರಾತ್ರಿ ಹನ್ನೊಂದರವರೆಗೆ ನೋಡುತ್ತಿದ್ದರು.

ಊಟ, ನಿದ್ದೆ, ಮನೆಯವರೊಂದಿಗಿನ ಮಾತುಕತೆ ಎಲ್ಲವನ್ನೂ ವಿಚಾರಿಸಿದೆ. ಖಿನ್ನತೆಯ ಸುಳಿವಿರಲಿಲ್ಲ. ಮುಂದಿನ ಸಲ ಪಠ್ಯಪುಸ್ತಕ ತನ್ನಿ ಎಂದೆ. ಪುಟದ ಅಂಚುಗಳಲ್ಲಿ ಪೆನ್ಸಿಲ್ ಟಿಪ್ಪಣಿಗಳಿದ್ದವು, ಆದರೆ 31ನೇ ಪುಟದವರೆಗೆ ಮಾತ್ರ. ಅಲ್ಲಿ ಮೊದಲ ಅವಕಲನ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಶನ್). ಅದರಾಚೆಯ ಹಾಳೆಗಳು ಅಂಗಡಿಯಿಂದ ಬಂದ ಹಾಗೇ ಇದ್ದವು. "ಇದು ಮಗಳಿಗೆ ಬರುತ್ತೆ, ನನಗೆ ಬರಲ್ಲ" ಎನ್ನುವಾಗ ದನಿ ಇಳಿಯಿತು.

ಗಂಟು ಇದ್ದದ್ದು ಅಲ್ಲೇ. ಇಪ್ಪತ್ತು ವರ್ಷ ಮುಟ್ಟದ ಗಣಿತ ಮರೆತಿತ್ತು. ಆ ನಾಚಿಕೆಗೆ ಅವರು ಇಟ್ಟ ಹೆಸರು 'ಸ್ಫೂರ್ತಿ ಹೋಯಿತು'. ದೊಡ್ಡವರಾದ ಮೇಲೆ ಓದಲು ಕೂತವರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಹೇಳಿದ್ದು ಎರಡೇ. ಒಂದು, ಬೆಳಿಗ್ಗೆ ಅರ್ಧ ಗಂಟೆ ಪಿಯುಸಿ ಗಣಿತ, ಮಗಳೇ ಮೇಷ್ಟ್ರು. ಇದಕ್ಕೆ ಒಪ್ಪಲು ಅವರಿಗೆ ಎರಡು ವಾರ ಹಿಡಿಯಿತು. ಇನ್ನೊಂದು, ವಿಡಿಯೋ ನೋಡುವ ಹೊತ್ತಿನಲ್ಲಿ ತಾರಸಿಗೆ ಹೋಗಿ ಆಕಾಶದಲ್ಲಿ ಏನಾದರೂ ಒಂದನ್ನು ಸ್ವತಃ ಅಳೆಯಿರಿ. ಜನವರಿ ತಿಂಗಳು, ರಾತ್ರಿ ಒಂಬತ್ತಕ್ಕೆ ಗುರುಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೆ. 10x50 ಬೈನಾಕ್ಯುಲರ್ ಸಾಕು. ಚಾಪೆ ಹಾಸಿ ಮಲಗಿ, ಮೊಣಕೈ ನೆಲಕ್ಕೂರಿದರೆ ಕೈ ನಡುಗುವುದಿಲ್ಲ. ಗುರುವಿನ ಅಕ್ಕಪಕ್ಕದ ಚುಕ್ಕೆಗಳು, ಅಂದರೆ ಅದನ್ನು ಸುತ್ತುವ ಚಂದ್ರರು, ಎಲ್ಲಿವೆಯೋ ಹಾಗೇ ಬರೆದು, ತಾರೀಖು ಹಾಕಬೇಕು. 1610ರ ಜನವರಿಯಲ್ಲಿ ಗೆಲಿಲಿಯೋ ಮಾಡಿದ್ದೂ ಇದನ್ನೇ, ಆಗ ಅವನಿಗೆ 45 ವರ್ಷ ಎಂದೆ. "ನನಗಿಂತ ದೊಡ್ಡವನು" ಎಂದು ಮೊದಲ ಬಾರಿಗೆ ನಕ್ಕರು.

ಐದು ವಾರ ಬಿಟ್ಟು ಹಳೇ ಲೆಡ್ಜರ್ ಪುಸ್ತಕವೊಂದನ್ನು ತಂದರು. ಸಾಲಿಗೊಂದು ರಾತ್ರಿ, ನಡುವೆ ಸೊನ್ನೆ, ಆಚೀಚೆ ಚುಕ್ಕೆ. ಎರಡು ಕಡೆ 'ಮೋಡ'. ಆ ಚಂದ್ರರಲ್ಲಿ ಅಯೋ ಗುರುವಿನ ಬೆಳಕಿನಲ್ಲೇ ಮುಳುಗಿ ಸರಿಯಾಗಿ ಸಿಕ್ಕಿರಲಿಲ್ಲ. ಗ್ಯಾನಿಮೀಡ್ ಏಳು ದಿನಕ್ಕೆ ಮರಳಿ ಅದೇ ಜಾಗಕ್ಕೆ, ಕ್ಯಾಲಿಸ್ಟೊ ಹದಿನೇಳಕ್ಕೆ. ಕೆಪ್ಲರನ ಮೂರನೇ ನಿಯಮದಂತೆ ಒಂದು ಸುತ್ತಿನ ಕಾಲದ ವರ್ಗ ಗುರುವಿನಿಂದಿರುವ ದೂರದ ಘನಕ್ಕೆ ಅನುಪಾತ. 17ನ್ನು 7ರಿಂದ ಭಾಗಿಸಿ, ವರ್ಗ ಮಾಡಿ, ಘನಮೂಲ ತೆಗೆದಾಗ ಅವರಿಗೆ 1.81 ಬಂದಿತ್ತು, ಅಂದರೆ ಕ್ಯಾಲಿಸ್ಟೊ ಗ್ಯಾನಿಮೀಡ್‌ಗಿಂತ ಅಷ್ಟು ಪಟ್ಟು ದೂರ. ಪುಸ್ತಕದ ದೂರಗಳು 10.7 ಲಕ್ಷ ಮತ್ತು 18.8 ಲಕ್ಷ ಕಿ.ಮೀ., ಅಂದರೆ 1.76.

ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು. "ದಿನಕ್ಕೊಮ್ಮೆ ಮಾತ್ರ ನೋಡಿದ್ದೀನಲ್ಲ ಮೇಡಂ, ಅರ್ಧ ದಿನದ ತಪ್ಪು ಇದ್ದೇ ಇರುತ್ತೆ. ಈ ಸಲ ದಿನಾ ರಾತ್ರಿ ಏಳು ಗಂಟೆಗೆ ಒಂದ್ಸಲ, ಹತ್ತು ಗಂಟೆಗೆ ಒಂದ್ಸಲ ನೋಡ್ತೀನಿ."

ಆ ದಿನ ತಂದಿದ್ದ ಪಠ್ಯಪುಸ್ತಕದಲ್ಲಿ ಪೆನ್ಸಿಲ್ ಗುರುತು 58ನೇ ಪುಟಕ್ಕೆ ಬಂದಿತ್ತು. ಮುಂದಿನ ಭೇಟಿ ಪರೀಕ್ಷೆ ಮುಗಿದ ಮೇಲೆ.